ಶೆಲ್ ಎಲ್ಲಿಂದ ಬಂತು? ಅರ್ಮೇನಿಯಾಕ್ಕೆ ಹೋದ ಬೆಂಗಳೂರಿನ ರೇಡಾರ್

ಮಾವಿನ ಮರಕ್ಕೆ ಯಾರೋ ಹೊಡೆದ ಕಲ್ಲು ಗುರಿ ತಪ್ಪಿ ನಿಮ್ಮ ಅಂಗಳಕ್ಕೆ ಬಿತ್ತು ಅಂದುಕೊಳ್ಳಿ. ಬಿದ್ದ ಕಲ್ಲನ್ನು ಎಷ್ಟು ತಿರುಗಿಸಿ ನೋಡಿದರೂ ಹೊಡೆದವರು ಯಾರು ಅಂತ ಗೊತ್ತಾಗುವುದಿಲ್ಲ. ಅದೇ ಕಲ್ಲು ಗಾಳಿಯಲ್ಲಿ ಏರುತ್ತಿರುವಾಗಲೇ ಕಣ್ಣಿಗೆ ಬಿದ್ದಿದ್ದರೆ? ಯಾವ ಬೇಲಿಯ ಹಿಂದಿನಿಂದ ಬಂತು ಅಂತ ಆಗಲೇ ಹೇಳಿಬಿಡಬಹುದಿತ್ತು, ಅಲ್ವಾ?

ಫಿರಂಗಿ ಹಾರಿಸುವ ಗುಂಡು, ಅಂದರೆ ಶೆಲ್ ವಿಷಯದಲ್ಲಿ ಈ ಕೆಲಸ ಮಾಡುವ ಯಂತ್ರ ಒಂದಿದೆ. ಹೆಸರು ಸ್ವಾತಿ. ಇದನ್ನು ವಿನ್ಯಾಸ ಮಾಡಿದ್ದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯ ಎಲ್‌ಆರ್‌ಡಿಇ, ತಯಾರಿಸುವುದು ನಮ್ಮ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್. ಇಂಥ ನಾಲ್ಕು ರೇಡಾರ್‌ಗಳನ್ನು ಅರ್ಮೇನಿಯಾ ಕೊಳ್ಳುತ್ತಿದೆ ಎಂಬ ಸುದ್ದಿ 2020ರ ಆರಂಭದಲ್ಲಿ ಬಂತು. ಬೆಲೆ ಸುಮಾರು 4 ಕೋಟಿ ಡಾಲರ್. ಮೂವತ್ತು ಲಕ್ಷ ಜನರ ಒಂದು ಪುಟ್ಟ ಗುಡ್ಡಗಾಡು ದೇಶ, ಸೋವಿಯತ್ ಒಕ್ಕೂಟದಿಂದ 1991ರಲ್ಲಿ ಹೊರಬಂದದ್ದು, ಅಷ್ಟು ವರ್ಷ ಆಯುಧಗಳನ್ನು ಹೆಚ್ಚು ಕಡಿಮೆ ರಷ್ಯಾದಿಂದಲೇ ತರುತ್ತಿದ್ದದ್ದು, ರೇಡಾರ್‌ಗಾಗಿ ಬೆಂಗಳೂರಿನ ಕಡೆ ಯಾಕೆ ನೋಡಿತು? ಸುದ್ದಿ ಓದಿದ ದಿನದಿಂದ ಈ ಪ್ರಶ್ನೆ ನನ್ನ ತಲೆಯಲ್ಲಿತ್ತು.

ಮೊದಲು ಯಂತ್ರ ಹೇಗೆ ಕೆಲಸ ಮಾಡುತ್ತದೆ ನೋಡೋಣ. ರೇಡಾರ್ ಕಳಿಸಿದ ರೇಡಿಯೋ ಅಲೆ 30 ಕಿ.ಮೀ. ದೂರದ ಶೆಲ್‌ಗೆ ತಾಗಿ ವಾಪಸ್ ಬರಲು ಬೇಕಾಗುವ ಸಮಯ ಒಂದು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಭಾಗ ಮಾತ್ರ. ಶೆಲ್‌ಗೋ ಗುರಿ ಮುಟ್ಟಲು ಹೆಚ್ಚು ಕಡಿಮೆ ಒಂದು ನಿಮಿಷ ಬೇಕು. ಹಾಗಾಗಿ ಸಮಯಕ್ಕೆ ಕೊರತೆ ಇಲ್ಲ. ಕಷ್ಟ ಇರುವುದು ಪ್ರತಿಧ್ವನಿಯಲ್ಲಿ. ಹೋಗುವ ಅಲೆ ಹರಡಿಕೊಂಡು ತೆಳುವಾಗುತ್ತದೆ, ಬರುವ ಅಲೆಯೂ ಹಾಗೆಯೇ ತೆಳುವಾಗುತ್ತದೆ. ದೂರ ಎರಡು ಪಟ್ಟಾದರೆ ಹೋಗುವಾಗ ನಾಲ್ಕನೇ ಒಂದು ಭಾಗ, ಬರುವಾಗ ಅದರಲ್ಲೂ ನಾಲ್ಕನೇ ಒಂದು ಭಾಗ. ಅಂದರೆ ಕೈಗೆ ಸಿಗುವ ಸದ್ದು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಅದೂ ವಿಮಾನದಷ್ಟು ದೊಡ್ಡ ವಸ್ತುವಿನಿಂದಲ್ಲ, ಒಂದು ಕೈಯಳತೆ ದಪ್ಪದ ಉಕ್ಕಿನ ತುಂಡಿನಿಂದ.

ಜೊತೆಗೆ ಆಕಾಶದ ಒಂದು ದೊಡ್ಡ ಭಾಗವನ್ನು ಬಿಡದೆ ಗಮನಿಸುತ್ತಿರಬೇಕು. ಆಂಟೆನಾವನ್ನು ಫ್ಯಾನಿನಂತೆ ತಿರುಗಿಸುತ್ತಾ ಕೂತರೆ, ಅದು ಬೆನ್ನು ಹಾಕಿದ ಹೊತ್ತಿನಲ್ಲೇ ಶೆಲ್ ದಾಟಿ ಹೋಗುತ್ತದೆ. ಅದಕ್ಕೇ ಸ್ವಾತಿಯ ಹಲಗೆಯಲ್ಲಿ ಸಾಲು ಸಾಲಾಗಿ ಪುಟ್ಟ ಆಂಟೆನಾಗಳಿವೆ. ಕೆರೆಯ ಏರಿ ಮೇಲೆ ಸಾಲಾಗಿ ನಿಂತವರೆಲ್ಲ ಒಟ್ಟಿಗೆ ನೀರಿಗೆ ಕಲ್ಲು ಹಾಕಿದರೆ ಅಲೆ ನೇರವಾಗಿ ಮುಂದೆ ಹೋಗುತ್ತದೆ. ಒಬ್ಬರಾದ ಮೇಲೆ ಒಬ್ಬರು, ಒಂಚೂರು ತಡ ಮಾಡುತ್ತಾ ಹಾಕಿದರೆ ಅಲೆ ಓರೆಯಾಗಿ ಸಾಗುತ್ತದೆ. ಇಲ್ಲೂ ಅದೇ ಉಪಾಯ. ಪ್ರತಿ ಆಂಟೆನಾದ ಅಲೆಯನ್ನು ಸ್ವಲ್ಪ ಸ್ವಲ್ಪ ತಡ ಮಾಡಿಸಿ, ಏನನ್ನೂ ಅಲುಗಾಡಿಸದೆ, ರೇಡಾರ್ ತನ್ನ ನೋಟವನ್ನು ಕ್ಷಣಾರ್ಧದಲ್ಲಿ ಬೇರೆ ಕಡೆ ಹೊರಳಿಸುತ್ತದೆ. ಬೆಟ್ಟದ ಅಂಚಿನುದ್ದಕ್ಕೂ ಹೀಗೆ ಬೇಲಿ ಹಾಕಿದಂತೆ ಕಾಯುತ್ತಾ ಇರುತ್ತದೆ. ಏನಾದರೂ ಬೇಲಿ ದಾಟಿ ಮೇಲೆ ಬಂತೋ, ಕೆಲವು ಸೆಕೆಂಡು ಅದನ್ನೇ ಹಿಂಬಾಲಿಸುತ್ತದೆ, ದಾರಿಯ ಬಾಗನ್ನು ಅಳೆಯುತ್ತದೆ, ಆಮೇಲೆ ಲೆಕ್ಕವನ್ನು ಹಿಂದಕ್ಕೆ ಓಡಿಸಿ ಅದು ನೆಲದಿಂದ ಎದ್ದ ಜಾಗ ಹುಡುಕುತ್ತದೆ.

ಹಿಂದಕ್ಕೆ ಓಡಿಸುವ ಈ ಲೆಕ್ಕ ಶಾಲೆಯಲ್ಲಿ ಕಲಿತ ಪ್ಯಾರಾಬೋಲಾದಷ್ಟು ಸುಲಭವಲ್ಲ. ಗಾಳಿ ಶೆಲ್ಲನ್ನು ತಡೆಯುತ್ತದೆ, ಪಕ್ಕಕ್ಕೂ ತಳ್ಳುತ್ತದೆ. ಅರ್ಮೇನಿಯಾದ ಸರಾಸರಿ ಎತ್ತರ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪವೇ ಕಡಿಮೆ. ಇಡೀ ದೇಶವೇ ಅಷ್ಟು ಮೇಲಿದೆ! ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇ 15ರಷ್ಟು ಕಡಿಮೆ, ತಡೆಯೂ ಕಡಿಮೆ, ಶೆಲ್ ಜಾಸ್ತಿ ದೂರ ಹೋಗುತ್ತದೆ. ಬಯಲಿನ ಲೆಕ್ಕವನ್ನು ಹಾಗೇ ಅಲ್ಲಿಗೆ ಒಯ್ದರೆ ನಡೆಯುವುದಿಲ್ಲ.

ಇನ್ನೊಂದು ತೊಡಕು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ರೇಡಾರ್‌ಗೆ ಆ ಕಡೆಯ ಗುಡ್ಡಗಳ ಎತ್ತರ ಸರಿಯಾಗಿ ಗೊತ್ತಿರಬೇಕು. ಫಿರಂಗಿ ನಿಂತ ಜಾಗ ನಾವು ಅಂದುಕೊಂಡದ್ದಕ್ಕಿಂತ 500 ಮೀಟರ್ ಮೇಲಿದ್ದು, ಶೆಲ್ 45 ಡಿಗ್ರಿ ಕೋನದಲ್ಲಿ ಎದ್ದಿದ್ದರೆ, ನೆಲದ ಮೇಲಿನ ಲೆಕ್ಕ ಸುಮಾರು 500 ಮೀಟರ್ ತಪ್ಪುತ್ತದೆ. ಆ 500 ಮೀಟರ್‌ನಲ್ಲಿ ಒಂದು ಊರಿರಬಹುದು. ಒಂದು ಶಾಲೆ ಇರಬಹುದು. ತಿರುಗೇಟು ಅಲ್ಲಿಗೇ ಹೋಗಿ ಬೀಳುತ್ತದೆ. ಹಾಗಾಗಿ ಒಳ್ಳೆಯ ನಕ್ಷೆ ಇಲ್ಲದ ರೇಡಾರ್ ಅಪಾಯಕಾರಿ ಅಂತಲೇ ನಾನು ಹೇಳುತ್ತೇನೆ.

ಈಗ ಆ ದೇಶದ ಕಥೆಗೆ ಬರೋಣ. ಪೂರ್ವದಲ್ಲಿ ಅಜರ್‌ಬೈಜಾನ್, ಪಶ್ಚಿಮದಲ್ಲಿ ಟರ್ಕಿ. ನಾಗೊರ್ನೊ ಕರಬಾಖ್ ಎಂಬ ಗುಡ್ಡನಾಡಿಗಾಗಿ ನಡೆದ ಮೊದಲ ಯುದ್ಧದ ಕಾಲದಿಂದ ಎರಡೂ ಗಡಿಗಳು ಮುಚ್ಚಿವೆ. ಹಾಗಾಗಿ ಅರ್ಮೇನಿಯಾ ರಷ್ಯಾದ ಬೆನ್ನಿಗೆ ಒರಗಿಕೊಂಡಿತು. ಗ್ಯುಮ್ರಿ ಊರಿನಲ್ಲಿ ರಷ್ಯಾದ 102ನೇ ಸೇನಾ ನೆಲೆ ಇದೆ. ರಷ್ಯಾ ನೇತೃತ್ವದ ಸಾಮೂಹಿಕ ಭದ್ರತಾ ಒಕ್ಕೂಟದಲ್ಲಿ ಅರ್ಮೇನಿಯಾ ಮೊದಲಿನಿಂದಲೂ ಸದಸ್ಯ. 2011ರಿಂದ 2020ರವರೆಗೆ ಅದು ಹೊರಗಿನಿಂದ ತರಿಸಿದ ದೊಡ್ಡ ಆಯುಧಗಳಲ್ಲಿ ಶೇ 90ಕ್ಕೂ ಹೆಚ್ಚು ರಷ್ಯಾದ್ದೇ. ಅದೇ ಹತ್ತು ವರ್ಷದಲ್ಲಿ ಅಜರ್‌ಬೈಜಾನ್ ಕೊಂಡ ಆಯುಧಗಳಲ್ಲೂ ಅರ್ಧಕ್ಕಿಂತ ಹೆಚ್ಚು ರಷ್ಯಾದಿಂದಲೇ ಬಂದವು. ಎರಡೂ ಮನೆಗೆ ಒಂದೇ ಅಂಗಡಿಯಿಂದ ಮದ್ದುಗುಂಡು. ಇದನ್ನು ಓದಿದಾಗ ನನಗೆ ಸಿಟ್ಟೇ ಬಂತು.

2020ರ ಸೆಪ್ಟೆಂಬರ್ 27ರಂದು ಯುದ್ಧ ಮತ್ತೆ ಶುರುವಾಯಿತು. 44 ದಿನ. ಅಜರ್‌ಬೈಜಾನ್ ಬಳಿ ಟರ್ಕಿಯ ಬೈರಕ್ತಾರ್ ಡ್ರೋನ್‌ಗಳಿದ್ದವು, ಗುರಿ ಕಂಡೊಡನೆ ಅದರ ಮೇಲೇ ಎರಗಿ ಸಿಡಿಯುವ ಇಸ್ರೇಲಿನ ಹಾರೊಪ್‌ಗಳಿದ್ದವು. ಅರ್ಮೇನಿಯಾದ ಓಸಾ, ಎಸ್-300ರಂಥ ವಾಯುರಕ್ಷಣಾ ವ್ಯವಸ್ಥೆಗಳು ಸೋವಿಯತ್ ಕಾಲದಲ್ಲಿ ವೇಗದ ಫೈಟರ್ ವಿಮಾನಗಳನ್ನು ತಲೆಯಲ್ಲಿಟ್ಟುಕೊಂಡು ಮಾಡಿದವು. ಹಕ್ಕಿ, ಮೋಡ, ನೆಲದ ಪ್ರತಿಧ್ವನಿ ಇವೆಲ್ಲ ಪರದೆ ತುಂಬಿಕೊಳ್ಳದಿರಲಿ ಅಂತ ಹಳೆಯ ರೇಡಾರ್‌ಗಳು ನಿಧಾನಕ್ಕೆ ಚಲಿಸುವ ವಸ್ತುಗಳನ್ನು ಸೋಸಿ ಹಾಕುತ್ತವೆ. ಕಾರಿನ ವೇಗದಲ್ಲಿ ತೇಲುವ ಪುಟ್ಟ ಡ್ರೋನ್ ಆ ಜರಡಿಯಲ್ಲೇ ಜಾರಿ ಹೋಗುವ ಸಾಧ್ಯತೆ ಜಾಸ್ತಿ. ಅಜರ್‌ಬೈಜಾನ್ ಇನ್ನೊಂದು ಉಪಾಯವನ್ನೂ ಹೂಡಿತು. ಆಂಟೊನೊವ್-2 ಎಂಬ ಹಳೇ ಕಾಲದ ಎರಡು ಅಂತಸ್ತಿನ ರೆಕ್ಕೆಯ ವಿಮಾನಗಳನ್ನು ಚಾಲಕರಿಲ್ಲದೆ ಮುಂದೆ ಹಾರಿಸಿತು. ಅವನ್ನು ಹೊಡೆಯಲು ರೇಡಾರ್ ಆನ್ ಮಾಡಿದರೆ ರೇಡಾರ್ ಇರುವ ಜಾಗ ಬಯಲಾಗುತ್ತದೆ, ಮೇಲೆ ಕಾಯುತ್ತಿದ್ದ ಡ್ರೋನ್‌ಗೆ ಅಷ್ಟೇ ಸಾಕು. ಕತ್ತಲಲ್ಲಿ ಟಾರ್ಚ್ ಹಚ್ಚಿದವನು ನೋಡುವುದಕ್ಕಿಂತ ಮೊದಲು ತಾನೇ ಕಾಣಿಸಿಕೊಳ್ಳುತ್ತಾನೆ. ಸ್ವಾತಿಗೂ ಈ ಕಷ್ಟ ತಪ್ಪಿದ್ದಲ್ಲ. ಅದನ್ನು ಲಾರಿಯ ಮೇಲೆ ಕೂರಿಸಿರುವುದೇ ಅದಕ್ಕೆ. ನೋಡಬೇಕು, ಲೆಕ್ಕ ಹೇಳಬೇಕು, ಜಾಗ ಖಾಲಿ ಮಾಡಬೇಕು.

ಆ 44 ದಿನಗಳಲ್ಲಿ ಎರಡೂ ಕಡೆ ಸೇರಿ ಆರು ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. ಅರ್ಮೇನಿಯಾದಲ್ಲಿ ಸೇನಾ ಸೇವೆ ಕಡ್ಡಾಯ, ಹಾಗಾಗಿ ಸತ್ತವರಲ್ಲಿ ಹದಿನೆಂಟು, ಹತ್ತೊಂಬತ್ತರ ಹುಡುಗರು ಬಹಳ. ಯುದ್ಧಕ್ಕೆ ಸ್ವಲ್ಪ ಮುಂಚೆ ರಷ್ಯಾದಿಂದ ಬಂದಿದ್ದ ನಾಲ್ಕು ಸುಖೋಯ್-30 ವಿಮಾನಗಳು ಬಳಕೆಗೇ ಬರಲಿಲ್ಲ. ಅವಕ್ಕೆ ಬೇಕಾದ ಕ್ಷಿಪಣಿ ಕೊಂಡಿರಲಿಲ್ಲ ಅಂತ ಪ್ರಧಾನಿ ನಿಕೋಲ್ ಪಶಿನ್ಯಾನ್ ಅವರೇ ಆಮೇಲೆ ಒಪ್ಪಿಕೊಂಡರು.

ಮುಂದಿನದು ಬೇಗ ಬೇಗ ನಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಅರ್ಮೇನಿಯಾದ ಸ್ವಂತ ನೆಲದ ಮೇಲೇ ದಾಳಿ ಆದಾಗ ರಷ್ಯಾ ನೇತೃತ್ವದ ಆ ಭದ್ರತಾ ಒಕ್ಕೂಟ ನೆರವಿಗೆ ಸೇನೆ ಕಳಿಸಲಿಲ್ಲ. ಅರ್ಮೇನಿಯಾ ದುಡ್ಡು ಕೊಟ್ಟಿದ್ದ ಆಯುಧಗಳೂ ಉಕ್ರೇನ್ ಯುದ್ಧದಲ್ಲಿ ಸಿಕ್ಕಿಕೊಂಡಿದ್ದ ರಷ್ಯಾದಿಂದ ಬರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕರಬಾಖ್ ಪೂರ್ತಿ ಅಜರ್‌ಬೈಜಾನ್ ವಶವಾಯಿತು, ರಷ್ಯಾದ ಶಾಂತಿಪಾಲಕರು ಅಲ್ಲೇ ಇದ್ದರು, ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಮನೆ ಬಿಟ್ಟು ಹೊರಟರು. 2024ರ ಫೆಬ್ರವರಿಯಲ್ಲಿ, ಒಕ್ಕೂಟದಲ್ಲಿ ನಮ್ಮ ಭಾಗವಹಿಸುವಿಕೆ ನಿಲ್ಲಿಸಿದ್ದೇವೆ ಅಂತ ಪಶಿನ್ಯಾನ್ ಹೇಳಿದರು.

ಹಾಗಾಗಿ ಬೇರೆ ಬೇರೆ ಬಾಗಿಲು ತಟ್ಟುವುದು ಅವರಿಗೆ ಅನಿವಾರ್ಯವಾಯಿತು. ಫ್ರಾನ್ಸಿನಿಂದ ವಾಯುರಕ್ಷಣೆಯ ರೇಡಾರ್, ಸೀಸರ್ ಫಿರಂಗಿ. ಭಾರತದಿಂದ ಸ್ವಾತಿಯ ನಂತರ ಪಿನಾಕ ರಾಕೆಟ್, ಆಕಾಶ್ ಕ್ಷಿಪಣಿ. ಭಾರತಕ್ಕೂ ಅರ್ಮೇನಿಯನ್ನರಿಗೂ ನಂಟು ಹೊಸದೇನಲ್ಲ. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' 1794ರಲ್ಲಿ ಅಚ್ಚಾದದ್ದು ಮದ್ರಾಸಿನಲ್ಲಿ. ಸ್ವಾತಿಯ ಹಿಂದೆಯೂ ಇಂಥದ್ದೇ ಒಂದು ನೋವಿದೆ. 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಸೇನೆಯ ಬಳಿ ಈ ಬಗೆಯ ರೇಡಾರ್ ಇರಲಿಲ್ಲ, ಗುಡ್ಡದಾಚೆಯ ಫಿರಂಗಿಗಳಿಂದ ನಮ್ಮ ಹುಡುಗರು ತುಂಬಾ ಕಷ್ಟಪಟ್ಟರು. ಆ ಕೊರತೆ ನೀಗಿಸಲೆಂದು ಮಾಡಿದ ಯಂತ್ರ ಇದು. ಎತ್ತರದ ಗುಡ್ಡಗಳ ದೇಶಕ್ಕೆ ಅದು ಒಗ್ಗಿದ್ದು ಸುಮ್ನೆ ಅಲ್ಲ.

ಆದರೆ ಹತ್ತು ಕಡೆಯಿಂದ ತಂದ ಸಾಮಾನು ಒಂದೇ ಅಡುಗೆಗೆ ಹೊಂದಬೇಕಲ್ಲ. ಸೋವಿಯತ್ ಎಸ್-300, ಫ್ರೆಂಚ್ ರೇಡಾರ್, ಭಾರತದ ಆಕಾಶ್, ಒಂದೊಂದರ ಸಂದೇಶದ ರೀತಿ ಒಂದೊಂದು. ಇದು ಕಂಡದ್ದನ್ನು ಅದಕ್ಕೆ ತಕ್ಷಣ ಹೇಳಬೇಕು, ಆಕಾಶದಲ್ಲಿರುವ ಸ್ವಂತ ವಿಮಾನವನ್ನು ಎಲ್ಲವೂ ಗುರುತಿಸಬೇಕು. ಇದಕ್ಕೆ ಬೇಕಾದ ಸಾಫ್ಟ್‌ವೇರ್ ಬರೆದು, ಸಿಬ್ಬಂದಿಗೆ ಕಲಿಸಿ, ಗುಡ್ಡಗಳಲ್ಲಿ ಪರೀಕ್ಷಿಸಿ ನೋಡಲು ವರ್ಷಗಳೇ ಬೇಕು. ನನ್ನ ಅಭಿಪ್ರಾಯದಲ್ಲಿ ಆಯುಧ ಕೊಳ್ಳುವುದಕ್ಕಿಂತ ಇದೇ ದೊಡ್ಡ ಕೆಲಸ.

ಬಿಡಿಭಾಗದ ಮಾತಂತೂ ಇದ್ದೇ ಇದೆ. ರೇಡಾರ್ ಕೊಂಡ ಮೇಲೆ ದಶಕಗಳ ಕಾಲ ಅದರ ಬಿಡಿಭಾಗಗಳು ಬೆಂಗಳೂರಿನಿಂದ ಹೋಗುತ್ತಲೇ ಇರಬೇಕು. ಅರ್ಮೇನಿಯಾಕ್ಕೆ ಸಮುದ್ರವಿಲ್ಲ. ತೆರೆದಿರುವ ನೆಲದ ದಾರಿ ಎರಡೇ, ಉತ್ತರದಲ್ಲಿ ಜಾರ್ಜಿಯಾ, ದಕ್ಷಿಣದಲ್ಲಿ ಇರಾನಿನ ಜೊತೆಗಿರುವ ನಲವತ್ತು ಚಿಲ್ಲರೆ ಕಿ.ಮೀ. ಗಡಿ. 2025ರ ಆಗಸ್ಟ್ 8ರಂದು ವಾಷಿಂಗ್ಟನ್‌ನಲ್ಲಿ ಅರ್ಮೇನಿಯಾ ಮತ್ತು ಅಜರ್‌ಬೈಜಾನ್ ವಿದೇಶಾಂಗ ಸಚಿವರು ಶಾಂತಿ ಒಪ್ಪಂದದ ಕರಡಿಗೆ ಮೊದಲ ರುಜು ಹಾಕಿದರು. ಅಲ್ಲಿ ಮಾತಾದ ಹೊಸ ಸಾರಿಗೆ ಹಾದಿ ಹಾದುಹೋಗುವುದೂ ಇರಾನ್ ಗಡಿಗೆ ಹತ್ತಿಕೊಂಡಿರುವ ಅರ್ಮೇನಿಯಾದ ಸ್ಯುನಿಕ್ ಪ್ರಾಂತ್ಯದಲ್ಲೇ.