ಮುಧೋಳ ನಾಯಿ ಇರೋ ಮನ್ಯಾಗ ಹಾಪ್ಸ್ ಬಳ್ಳಿ ಹಚ್ಚಬಹುದೇನ್ರಿ?

ಪ್ರಶ್ನೆ: ಹಿತ್ತಲದಾಗ ಒಂದು ತಂತಿ ಚಪ್ಪರ ಖಾಲಿ ಬಿದ್ದೈತ್ರಿ. ಮಗ ಹಾಪ್ಸ್ ಬಳ್ಳಿ ತರಸ್ತೀನಿ, ಅದರ ಹೂವಿನ ಚಹಾ ಕುಡದ್ರ ಛಲೋ ನಿದ್ದಿ ಬರ್ತೈತಿ ಅಂತಾನ. ಮನ್ಯಾಗ ಎರಡು ವರ್ಷದ ಮುಧೋಳ ನಾಯಿ ಐತಿ, ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕತೈತಿ. ಹಾಪ್ಸ್ ನಾಯಿಗೆ ವಿಷ ಅಂತಾರಲ್ಲ, ಖರೇನೇನ್ರಿ?
– ಧಾರವಾಡ ಸಪ್ತಾಪುರದ ಓದುಗರು

ಉತ್ತರ: ಖರೆ. ಬಿಯರ್‌ಗೆ ಕಹಿ ಮತ್ತು ಘಮ ಕೊಡುವ ಆ ಹೂಗೊಂಚಲೇ ನಾಯಿಗೆ ವಿಷ. ಹಸಿಯಾಗಿರಲಿ, ಒಣಗಿರಲಿ, ಕುದಿಸಿ ಹಿಂಡಿ ಬಿಸಾಕಿದ ಚರಟವೇ ಆಗಲಿ, ವಿಷ ಹೋಗುವುದಿಲ್ಲ. ತಿಂದ ನಾಯಿಯ ಸ್ನಾಯುಗಳು ಹಿಡಿತ ತಪ್ಪಿ ಒಂದೇ ಸಮನೆ ಶಾಖ ಹುಟ್ಟಿಸತೊಡಗುತ್ತವೆ. ಆರೋಗ್ಯವಂತ ನಾಯಿಯ ಮೈಶಾಖ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಹಾಪ್ಸ್ ತಿಂದಾಗ ಅದು 105 ದಾಟಿ 108ರ ತನಕವೂ ಏರಬಹುದು. ನಿಲ್ಲದ ತೇಕು, ಒಂದು ಕಡೆ ಕೂಡಲಾಗದ ಚಡಪಡಿಕೆ, ಜೋರು ಎದೆಬಡಿತ, ವಾಂತಿ, ಆಮೇಲೆ ಮೈ ಸೆಟೆದು ಸೆಳೆತ. ಚಿಕಿತ್ಸೆ ಸಿಗದಿದ್ದರೆ ಕೆಲವೇ ತಾಸಿನಲ್ಲಿ ಪ್ರಾಣ ಹೋಗುತ್ತದೆ. ಇಷ್ಟು ತಿಂದರೆ ಅಡ್ಡಿಯಿಲ್ಲ ಎನ್ನುವಂಥ ಅಳತೆಯೂ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ‘ಮುಧೋಳ’ ಎಂಬ ಮಾತು. ಹಾಪ್ಸ್ ತಿಂದು ಹೀಗೆ ಮೈ ಕಾದ ಐದು ನಾಯಿಗಳ ವಿವರ 1997ರಲ್ಲಿ ಅಮೆರಿಕದ ಪಶುವೈದ್ಯ ಪತ್ರಿಕೆಯೊಂದರಲ್ಲಿ ಬಂತು. ಅಂದಿನಿಂದ ಈ ವಿಷದ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ತಳಿ ಗ್ರೇಹೌಂಡ್. ಲ್ಯಾಬ್ರಡಾರ್, ಡಾಬರ್‌ಮನ್, ಸೇಂಟ್ ಬರ್ನಾರ್ಡ್ ಹೆಸರೂ ಪಟ್ಟಿಯಲ್ಲಿವೆ. ನಮ್ಮ ಮುಧೋಳ ನಾಯಿಯೂ ಗ್ರೇಹೌಂಡಿನಂತೆ ಕಣ್ಣಿನಿಂದಲೇ ಬೇಟೆ ಹುಡುಕಿ ಅಟ್ಟುವ ಜಾತಿಯದು. ಅದೇ ಉದ್ದ ಕಾಲು, ಒಳಗೆಳೆದ ಹೊಟ್ಟೆ, ಕೊಬ್ಬಿಲ್ಲದ ಮೈ. ಮೈಕಟ್ಟು ಒಂದೇ ಥರ ಇದ್ದ ಮಾತ್ರಕ್ಕೆ ವಿಷವೂ ಅಷ್ಟೇ ಏರುತ್ತದೆ ಎಂದಲ್ಲ. ಆದರೆ ನನ್ನ ನಾಯಿ ಆಗಿದ್ದರೆ ನಾನು ಗ್ರೇಹೌಂಡ್ ಎಂದೇ ತಿಳಿದು ನಡೆಯುತ್ತಿದ್ದೆ. ಸುತ್ತ ಬೇಲಿ ಕಟ್ಟುತ್ತೇವೆ ಅನ್ನಬೇಡಿ, ಮುಧೋಳಕ್ಕೆ ಎದೆಮಟ್ಟದ ಬೇಲಿ ಒಂದು ಜಿಗಿತದ ಕೆಲಸ.

ಇನ್ನು ಬಳ್ಳಿ ನಮ್ಮಲ್ಲಿ ಬಂದೀತೇ? ಹಾಪ್ಸ್ ಚೆನ್ನಾಗಿ ಬೆಳೆಯುವುದು ಭೂಮಧ್ಯರೇಖೆಯಿಂದ ಸುಮಾರು 35ರಿಂದ 55 ಡಿಗ್ರಿ ದೂರದ ನಾಡುಗಳಲ್ಲಿ. ಭಾರತದಲ್ಲಿ ಬೆಳೆದದ್ದು ಹಿಮಾಚಲದ ಲಾಹೌಲ್ ಕಣಿವೆಯಂಥ ಹಿಮ ಬೀಳುವ ಕಡೆ. ಚಳಿಗಾಲವೆಲ್ಲ ಬೇರು ಕೊರೆವ ತಂಪಿನಲ್ಲಿ ಮಲಗಿರಬೇಕು, ಬೇಸಿಗೆಯಲ್ಲಿ ಹಗಲು 15–16 ತಾಸು ಇರಬೇಕು. ಧಾರವಾಡ ಇರುವುದು ಹದಿನೈದೂವರೆ ಡಿಗ್ರಿಯಲ್ಲಿ. ನಮ್ಮ ಅತಿ ಉದ್ದದ ಹಗಲು ಬರೀ 13 ತಾಸು, ಸಂಕ್ರಾಂತಿಯ ಚಳಿ ಅದಕ್ಕೆ ಚಳಿಯೇ ಅಲ್ಲ. ಬಳ್ಳಿ ಬದುಕಿದರೂ ಗಿಡ್ಡಗೆ ಉಳಿದು ನಾಲ್ಕಾರು ಹೂ ಬಿಟ್ಟೀತು. ಅದೂ ಹೆಣ್ಣು ಬಳ್ಳಿಯಾಗಿದ್ದರೆ ಮಾತ್ರ, ಯಾಕೆಂದರೆ ಗೊಂಚಲು ಬಿಡುವುದು ಅದೊಂದೇ. ಅಷ್ಟಕ್ಕಾಗಿ ನಾಯಿಯನ್ನು ಅಪಾಯಕ್ಕೆ ಒಡ್ಡುವುದು ನನಗೆ ಸರಿ ಕಾಣದು. ಚಪ್ಪರಕ್ಕೆ ಹೀರಿಕಾಯಿಯನ್ನೋ ಮಲ್ಲಿಗೆಯನ್ನೋ ಹಬ್ಬಿಸಿ. ಮಲ್ಲಿಗೆ ನಾಯಿಗೆ ವಿಷವಲ್ಲ.

ನನಗೆ ಬಳ್ಳಿಗಿಂತ ಹೆಚ್ಚು ಹೆದರಿಕೆ ಇರುವುದು ಪ್ಯಾಕೆಟ್ಟಿನದು. ಹಿತ್ತಲದಲ್ಲಿ ಹೂ ಬಿಡದಿದ್ದರೆ ಮಗ ಒಣಹೂ ತರಿಸಿಕೊಂಡಾನು. ತರಿಸಲೇಬೇಕೆಂದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಎತ್ತರದ ಕಪಾಟಿನಲ್ಲಿಡಲಿ. ಚಹಾ ಸೋಸಿದ ಚರಟವನ್ನು ಗಿಡದ ಬುಡಕ್ಕೋ ಗೊಬ್ಬರದ ಕುಣಿಗೋ ಚೆಲ್ಲಬಾರದು. ಹಾಪ್ಸ್ ತಿಂದ ನಾಯಿಗಳಲ್ಲಿ ಬಹಳಷ್ಟು ಮನೆಯಲ್ಲಿ ಬಿಯರ್ ಮಾಡಿದವರು ಹೀಗೆ ಚೆಲ್ಲಿದ ಚರಟವನ್ನೇ ತಿಂದಿದ್ದವು. (ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಬಕಾರಿ ಕಾಯ್ದೆಯಡಿ ಅಪರಾಧ, ಮಗನಿಗೆ ಇದನ್ನೂ ಹೇಳಿಬಿಡಿ.)

ಹಿತ್ತಲದ ಮಾತು ಬಂತೆಂದು ಇನ್ನೆರಡು ವಿಷಯ, ಯಾಕೆಂದರೆ ನಮ್ಮ ಕಡೆ ಇವೇ ಹೆಚ್ಚು ಕೈಗೆ ಸಿಗುವಂಥವು. ಗಿಡಕ್ಕೆ ಹಾಕುವ ಔಡಲ ಹಿಂಡಿಯ ವಾಸನೆ ನಾಯಿಗೆ ಬಲು ಇಷ್ಟ, ಕುಂಡ ಕೆದರಿ ತಿನ್ನುತ್ತದೆ. ಸರಿಯಾಗಿ ಬಿಸಿ ಮಾಡಿ ವಿಷ ಕಳೆಯದ ಹಿಂಡಿಯಲ್ಲಿ ರೈಸಿನ್ ಎಂಬ ಘೋರ ವಿಷ ಉಳಿದಿರುತ್ತದೆ. ವಾಂತಿ, ರಕ್ತಭೇದಿ ಆಗಿ ನಾಯಿ ಸಾಯಬಹುದು. ಮಳೆಗಾಲದಲ್ಲಿ ಬಸವನಹುಳು ಕೊಲ್ಲಲು ಉದುರಿಸುವ ಮೆಟಾಲ್ಡಿಹೈಡ್ ಕಾಳುಗಳೂ ಹಾಪ್ಸಿನ ಹಾಗೆಯೇ ಮೈ ಕಾಯಿಸಿ ಸೆಳೆತ ತರುತ್ತವೆ. ಇವೆರಡೂ ನಾಯಿ ಇರುವ ಮನೆಗೆ ಬೇಡವೇ ಬೇಡ. ಬೇವಿನ ಹಿಂಡಿ ಬಳಸಿದರೂ ಮಣ್ಣಿನಲ್ಲಿ ಆಳಕ್ಕೆ ಕಲಸಿ.

ಇಷ್ಟಾಗಿಯೂ ನಾಯಿ ಹಾಪ್ಸ್ ತಿಂದರೆ? ಲಕ್ಷಣ ಕಾಣಲಿ ಎಂದು ಕಾಯಬೇಡಿ. ತಿಂದದ್ದು ಕಂಡ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ ಹೊರಡಿ, ಉಳಿದ ಪ್ಯಾಕೆಟ್ ಜೊತೆಗೆ ಒಯ್ಯಿರಿ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸುವ ರೂಢಿ ನಮ್ಮಲ್ಲಿದೆ, ದಯವಿಟ್ಟು ಅದು ಬೇಡ. ಉಪ್ಪು ಹೆಚ್ಚಾದರೆ ಅದೇ ಇನ್ನೊಂದು ವಿಷ. ಕ್ರೋಸಿನ್‌ನಂಥ ಜ್ವರದ ಗುಳಿಗೆಯೂ ಬೇಡ. ಇದು ಸೋಂಕಿನ ಜ್ವರವಲ್ಲ, ಸ್ನಾಯು ಹುಟ್ಟಿಸಿದ ಕಾವು. ಗುಳಿಗೆಯಿಂದ ಅದು ಇಳಿಯದು, ನಾಯಿಯ ಯಕೃತ್ತಿಗೆ ಪೆಟ್ಟು ಬೀಳಬಹುದು. ಮೈ ಆಗಲೇ ಕಾದಿದ್ದರೆ ಹೊಟ್ಟೆ, ತೊಡೆಸಂದಿ, ಪಂಜಗಳಿಗೆ ನಲ್ಲಿಯ ತಣ್ಣೀರು ಹಾಕುತ್ತ ಗಾಳಿ ಬೀಸಿ. ಒದ್ದೆ ಗೋಣಿಚೀಲವನ್ನು ಮೇಲೆ ಹೊದಿಸಬೇಡಿ, ಒಳಗಿನ ಕಾವು ಹೊರಬೀಳುವುದಿಲ್ಲ. ಹೊರಡುವಾಗ ಕಾರಿನ ಕಿಟಕಿ ತೆರೆದಿರಲಿ ಅಥವಾ ಎ.ಸಿ. ಹಾಕಿ.

ಡಾಕ್ಟರಿಗೆ “ಹಾಪ್ಸ್ ತಿಂದೈತಿ, ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಥರ ಆಗಬಹುದು” ಎಂದು ಮೊದಲೇ ಹೇಳಿ (ಸ್ನಾಯುಗಳು ಹಿಡಿತ ತಪ್ಪಿ ಮೈ ವಿಪರೀತ ಕಾಯುವುದಕ್ಕೆ ವೈದ್ಯರು ಹೇಳುವ ಹೆಸರದು). ಹೊಟ್ಟೆ ತೊಳೆಯುವುದು, ಇದ್ದಿಲ ಔಷಧ ಕುಡಿಸುವುದು, ಸಲಾಯಿನ್ ಹಚ್ಚಿ ಮೈ ತಣಿಸುವುದು ಅವರ ಕೆಲಸ. ಸ್ನಾಯು ಸಡಿಲಿಸುವ ಡ್ಯಾಂಟ್ರೋಲೀನ್ ಎಂಬ ಔಷಧವೂ ಇದೆ. ರಾತ್ರಿ ಹೊತ್ತು ಯಾರು ನೋಡುತ್ತಾರೆ ಎಂದು ಇವತ್ತೇ ವಿಚಾರಿಸಿಕೊಳ್ಳಿ. ಹಾಗೇ ಒಂದು ಡಿಜಿಟಲ್ ಥರ್ಮಾಮೀಟರ್ ತಂದು, ನಾಯಿ ಆರಾಮಿದ್ದಾಗಲೇ ಗುದದ್ವಾರದಲ್ಲಿ ಇಟ್ಟು ಅದರ ಮೈಶಾಖ ಎಷ್ಟಿರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಏಪ್ರಿಲ್–ಮೇ ಬಿಸಿಲಿನಲ್ಲಿ ನಾಯಿ ತೇಕುತ್ತ ಬಂದು ಮಲಗಿದಾಗ, ಅದು ಬರೀ ಸೆಕೆಯೋ ಮೈಯೊಳಗಿನ ಕಾವೋ ಎಂದು ನೋಡಲು ಆ ಅಂಕಿ ಬೇಕಾಗುತ್ತದೆ.