ಕಡಂಗದ ಹೂಳು ತೆಗೆಸಬೇಡಿ

ಕೊಡಗಿನ ಹಳೆಯ ಕಾಳಗಗಳ ಗುರುತು ಹೆಚ್ಚಾಗಿ ಉಳಿದಿರುವುದು ಕಾಫಿ ತೋಟಗಳ ಒಳಗೆ. ನಾಡುಗಳ, ಅಂದರೆ ಕೊಡಗಿನ ಹಳೆಯ ಆಡಳಿತ ವಿಭಾಗಗಳ ಎಲ್ಲೆಯಲ್ಲಿ, ಗುಡ್ಡದ ನೆತ್ತಿಯಲ್ಲಿ ಮೈಲಿಗಟ್ಟಲೆ ಸಾಗುವ ಕಡಂಗ ಎಂದರೆ ಒಂದು ಕಂದಕ, ಪಕ್ಕದಲ್ಲಿ ಅಗೆದ ಮಣ್ಣನ್ನೇ ಪೇರಿಸಿದ ಏರಿ. ಏರಿ ಯಾವ ಮಗ್ಗುಲಿಗಿದೆ ಎಂದು ನೋಡಿದರೆ ಕಾಯುತ್ತಿದ್ದವರು ಯಾವ ಕಡೆ ನಿಂತಿದ್ದರು ಎಂದು ಸಾಮಾನ್ಯವಾಗಿ ಗೊತ್ತಾಗುತ್ತದೆ.

ಜನರಿಗೆ ತೋರಿಸಬೇಕೆಂಬ ಉತ್ಸಾಹದಲ್ಲಿ ಮೊದಲು ಆಗುವ ಅನಾಹುತವೆಂದರೆ ಜೆಸಿಬಿ ಇಳಿಸಿ ಹೂಳೆತ್ತಿಸುವುದು. ಮೂಲ ತಳ ಎಷ್ಟು ಆಳದಲ್ಲಿತ್ತು, ಎಷ್ಟು ಸಲ ಮತ್ತೆ ತೋಡಿದರು ಎಂಬುದೆಲ್ಲ ಆ ಹೂಳಿನ ಪದರಗಳಲ್ಲೇ ಇದೆ. ಇದ್ದಿಲಿನ ಚೂರು ಸಿಕ್ಕರೆ ಕಾಲನಿರ್ಣಯವೂ ಸಾಧ್ಯ. ಏರಿಯ ಬುಡಕ್ಕೆ ಆನಿಕೆಯೂ ಆ ಹೂಳೇ. ತೆಗೆದರೆ ಮುಂಗಾರಿನಲ್ಲಿ ಏರಿ ಜಾರಿ ಕೂರುತ್ತದೆ.

ಎದುರಿಗಿರುವುದು ಕಡಂಗವೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಅರಣ್ಯದಂಚಿನ ಆನೆ ಕಂದಕವನ್ನು ಕಡಂಗ ಎಂದುಕೊಳ್ಳುವವರು ಬಹಳ. ಆನೆ ಕಂದಕದ ಅಗಲ, ಆಳ ಸಾಮಾನ್ಯವಾಗಿ ಮೂರು ಮೀಟರ್ ಆಸುಪಾಸು, ಅಂಚು ಕಡಿದಾಗಿರುತ್ತದೆ. ಕಡಂಗದ ಅಂಚು ಸವೆದು ಬೋಗುಣಿಯಾಗಿರುತ್ತದೆ, ಏರಿಯ ಮೇಲೆ ಹಳೆಯ ಮರಗಳಿರುತ್ತವೆ.

ಅಳತೆಗೆ ಫೋನಿನ ಜಿಪಿಎಸ್ ನಂಬಬೇಡಿ. ನೆರಳುಮರಗಳ ಕೆಳಗೆ ಅದು ಹತ್ತು ಮೀಟರ್‌ವರೆಗೂ ತಪ್ಪಬಹುದು; ಅಷ್ಟರಲ್ಲಿ ಕಂದಕವೇ ದಾಟಿಹೋಗುತ್ತದೆ. ಡ್ರೋನ್ ಫೋಟೋದಲ್ಲಿ ಕಾಣುವುದು ಎಲೆ ಮಾತ್ರ. 30 ಮೀಟರ್ ಟೇಪು, ಎತ್ತರ-ತಗ್ಗು ಅಳೆಯುವ ಲೆವೆಲ್ ಯಂತ್ರ, ಅಳತೆಗೋಲು ಸಾಕು. ಪ್ರತಿ 20 ಮೀಟರಿಗೊಮ್ಮೆ ಅಡ್ಡಸೀಳಿಕೆಯ ನಕ್ಷೆ, ಅಂದರೆ ಕಂದಕ, ಏರಿಗಳನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರ ಬರೆಯಬೇಕು. ಕಾಡು ಒಣಗಿರುವ ಜನವರಿ, ಫೆಬ್ರವರಿ ಇದಕ್ಕೆ ಸೂಕ್ತ.

ಏರಿಯ ಮೇಲಿನ ಲಂಟಾನವನ್ನು ಬುಡಕ್ಕೆ ಕತ್ತರಿಸಿ, ಕೀಳಬೇಡಿ. ಕಿತ್ತಲ್ಲಿ ಮಣ್ಣು ಸಡಿಲಗೊಂಡು ಮಳೆಯಲ್ಲಿ ಕೊರಕಲು ಬೀಳುತ್ತದೆ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿ.ಮೀ. ಮೀರಿ ಸುರಿಯುತ್ತದೆ, ಜೂನ್‌ಗೆ ಮೊದಲು ಹುಲ್ಲು ಹಿಡಿಯದಿದ್ದರೆ ಏರಿಗೆ ಉಳಿಗಾಲವಿಲ್ಲ. ಬೋಳಾದ ಜಾಗಕ್ಕೆ ತೆಂಗಿನ ನಾರಿನ ಚಾಪೆ ಹಾಸಿ ಸ್ಥಳೀಯ ಹುಲ್ಲು ನೆಡಿ. ಬೇರು ಸಡಿಲವಾದ ಸಿಲ್ವರ್ ಓಕ್ ಗಾಳಿಗೆ ಬಿದ್ದರೆ ಏರಿಯ ದೊಡ್ಡ ಹೆಂಟೆಯನ್ನೇ ಕಿತ್ತುಕೊಂಡು ಬೀಳುತ್ತದೆ. ಅಂಥದನ್ನು, ಅನುಮತಿ ಬೇಕಿದ್ದರೆ ಪಡೆದು, ಮೊದಲೇ ಕಡಿಸಿ, ಬೊಡ್ಡೆ ಅಲ್ಲೇ ಇರಲಿ. ತೋಟದ ಬಸಿಗಾಲುವೆಯನ್ನು ಕಡಂಗಕ್ಕೆ ತಿರುಗಿಸುವುದೂ ಬೇಡ. ಮಾಲೀಕರು ಒಪ್ಪುವುದು ಕಷ್ಟವೇನಲ್ಲ, ನೀರಿಗೆ ಬೇರೆ ದಾರಿ ತೋರಿಸಿದರೆ ಸಾಕು.

ದಾಟುದಾರಿ ಒಂದೇ ಕಡೆ ಇರಲಿ. ಏರಿಯನ್ನು ಕಡಿದು ಮೆಟ್ಟಿಲು ಮಾಡದೆ, ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಹಾಸಿ ಅದರ ಮೇಲೆ ಮರದ ಹಲಗೆ ಕೂರಿಸಿ. ಮುಂದೆ ತೆಗೆದರೂ ಗುರುತು ಉಳಿಯಬಾರದು.

ಮೆಟಲ್ ಡಿಟೆಕ್ಟರ್ ಹಿಡಿದು ಬರುವವರನ್ನು ಬಿಡಬೇಡಿ. ಸೀಸದ ಗುಂಡಿನ ಬೆಲೆ ಅದು ಬಿದ್ದ ಸ್ಥಳದಲ್ಲಿದೆ. ಚಪ್ಪಟೆಯಾದದ್ದು ಹಾರಿ ಬಡಿದದ್ದು, ದುಂಡಗಿರುವುದು ಬಹುಶಃ ಕೈಜಾರಿದ್ದು. ಎರಡರ ಹರಹನ್ನೂ ನಕ್ಷೆಯಲ್ಲಿಟ್ಟರೆ ಯಾರು ಎಲ್ಲಿದ್ದರು ಎಂದು ಊಹಿಸಬಹುದು. ಜೇಬಿಗೆ ಹೋದ ಗುಂಡು ಏನನ್ನೂ ಹೇಳದು. ನಿಧಿ ಕಾಯ್ದೆಯ ಪ್ರಕಾರ, ಮಣ್ಣಿನಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಇನ್ನು ಫಲಕ. ಫ್ಲೆಕ್ಸ್ ಒಂದು ಮಳೆಗಾಲ ದಾಟುವುದಿಲ್ಲ, ಮರಕ್ಕೆ ಗೆದ್ದಲು. ಎನಾಮಲ್ ಬಳಿದ ಉಕ್ಕು ಬಾಳುತ್ತದೆ. ಎತ್ತರದ ಕಂಬಕ್ಕೆ ಆನೆ ಮೈ ಉಜ್ಜುತ್ತದೆ. ಮೊಣಕಾಲೆತ್ತರದ ಓರೆ ಫಲಕ ಮೇಲು. ಅಡಿಪಾಯವನ್ನು ಏರಿಯಿಂದ ದೂರ ಹಾಕಿ. ಕನ್ನಡದಲ್ಲಿ ನೂರು ಪದ ಮೀರಬಾರದು. ಕೊಡವ ತಕ್ಕ್‌ನಲ್ಲೂ ಇರಲಿ. ಎಲ್ಲಕ್ಕಿಂತ ಮೊದಲು ಅಡ್ಡಸೀಳಿಕೆಯ ಚಿತ್ರ: ಆಗ ಹೀಗಿತ್ತು, ಈಗ ಹೀಗಿದೆ.

ಎಲ್ಲ ಕಡಂಗಕ್ಕೂ ಟಿಪ್ಪುವಿನ ಕಾಲ ಅಥವಾ ಬ್ರಿಟಿಷರ ಕಾಲ ಎಂದು ಹೆಸರು ಅಂಟಿಸುವುದು ತಪ್ಪು. ಅರಸರು ಅಗೆಸಿದ್ದೂ ಇದೆ, ನಾಡುನಾಡುಗಳ ಜಗಳದಲ್ಲಿ ತೋಡಿದ್ದೂ ಇದೆ. 1834ರ ಏಪ್ರಿಲ್‌ನ ಯುದ್ಧ ಇನ್ನೊಂದು ಪದರ. ಆಗ ಉತ್ತರದಿಂದ ಬಂದ ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ದಳವನ್ನು ಕೊಡಗಿನವರು ಮರದ ದಿಮ್ಮಿಗಳ ತಡೆಯ ಹಿಂದೆ ನಿಂತು ಹಿಮ್ಮೆಟ್ಟಿಸಿದರು. ಬೇರೆ ದಿಕ್ಕಿನಿಂದ ಬಂದ ಕಂಪನಿ ದಳ ಕೆಲವೇ ದಿನಗಳಲ್ಲಿ ಮಡಿಕೇರಿ ಕೋಟೆ ಹಿಡಿಯಿತು. ದಿಮ್ಮಿ ಕೊಳೆತುಹೋಗಿದೆ. ಅಂಥಲ್ಲಿ ನಕಲಿ ಬೇಲಿ ಕಟ್ಟದೆ, ದಳ ಏರಿ ಬಂದ ದಾರಿ ಕಾಣುವ ಕಡೆ ಫಲಕವಿಟ್ಟು, ಓದುವವರ ಮುಖ ಆ ದಾರಿಗೆ ತಿರುಗುವಂತೆ ನಿಲ್ಲಿಸಿ.