ಕಾರು ಹೊತ್ತ ಟ್ರೇಲರ್ ಓಲಾಡುವುದು ಯಾಕೆ?

ಕೆಟ್ಟು ನಿಂತ ಕಾರನ್ನು ಎರಡು ಗಾಲಿಯ ಟ್ರೇಲರ್ ಮೇಲೆ ಹತ್ತಿಸಿ, ಜೀಪಿನ ಹಿಂದೆ ಕಟ್ಟಿಕೊಂಡು ಕೊಪ್ಪಳದಿಂದ ಬಳ್ಳಾರಿಗೆ ಹೊರಟಿದ್ದೀರಿ ಅಂತ ಇಟ್ಟುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 67. ವೇಗ ಮೆಲ್ಲಗೆ 80 ಕಿ.ಮೀ. ಮುಟ್ಟಿದೆ. ಅದಿರಿನ ಲಾರಿಯೊಂದು ಪಕ್ಕದಲ್ಲೇ ಭರ್ರನೆ ದಾಟುತ್ತದೆ, ಅದರ ಗಾಳಿಗೆ ಟ್ರೇಲರಿನ ಹಿಂಭಾಗ ಸ್ವಲ್ಪ ಎಡಕ್ಕೆ ಸರಿಯುತ್ತದೆ, ಆಮೇಲೆ ಸ್ವಲ್ಪ ಜಾಸ್ತಿ ಬಲಕ್ಕೆ, ಮತ್ತೆ ಇನ್ನೂ ಜಾಸ್ತಿ ಎಡಕ್ಕೆ. ಹೀಗೆ ನಾಲ್ಕಾರು ಸಲ ಬೀಸಿದರೆ ಸಾಕು, ಜೀಪಿನ ಹಿಂದಿನ ಗಾಲಿಗಳೇ ಜಾರಿ ಎರಡೂ ಗಾಡಿ ಅಡ್ಡ ತಿರುಗಬಹುದು. ಡಿಕ್ಕಿಯಾದ ಮೇಲೆ ನೋಡಿದವರು ಡ್ರೈವರ್ ನಿದ್ದೆ ಮಾಡಿದ ಅನ್ನುತ್ತಾರೆ. ತಪ್ಪು ಎಷ್ಟೋ ಸಲ ಕಾರು ಹೇರುವಾಗಲೇ ಆಗಿರುತ್ತದೆ.

ನಮ್ಮ ಕಡೆ ಬಂಡಿ ಹೂಡಿದವರಿಗೆ ಇದು ಗೊತ್ತು. ಹತ್ತಿ ಚೀಲವನ್ನೆಲ್ಲ ಹಿಂದಕ್ಕೆ ಹೇರಿದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಅದಕ್ಕೇ ಸ್ವಲ್ಪ ಮುಂಭಾರ ಇಡುತ್ತಾರೆ. ಟ್ರೇಲರಿನಲ್ಲೂ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು, ಅದನ್ನು ಜೀಪಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಕೂರಬೇಕು. ಟ್ರೇಲರ್ 600 ಕೆ.ಜಿ., ಕಾರು 1000 ಕೆ.ಜಿ. ಇದ್ದರೆ ಕೊಂಡಿಗೆ 160ರಿಂದ 240 ಕೆ.ಜಿ.

ಈಗ ಒಂದು ಲೆಕ್ಕ ನೋಡಿ, ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನ್ ಮುಂದಿದೆ, ತೂಕದ ಸುಮಾರು ಶೇಕಡಾ 60 ಮುಂದಿನ ಗಾಲಿಗಳ ಮೇಲೆ. ಅದೇ ಕಾರನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ನಿಲ್ಲಿಸಿದರೆ ಭಾರದ ಕೇಂದ್ರ ಅರ್ಧ ಮೀಟರಿನಷ್ಟು ಹಿಂದೆ ಹೋಗುತ್ತದೆ. ಕೊಂಡಿಯಿಂದ ಟ್ರೇಲರಿನ ಗಾಲಿಗಳ ಅಚ್ಚಿಗೆ ಮೂರೂವರೆ ಮೀಟರ್ ಇದ್ದರೆ, ಕೊಂಡಿಯ ಮೇಲಿದ್ದ 200 ಕೆ.ಜಿ. 60ರ ಆಸುಪಾಸಿಗೆ ಇಳಿಯುತ್ತದೆ. ನೋಡುವವರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ.

ಸರಿ, ವೇಗಕ್ಕೂ ಇದಕ್ಕೂ ಏನು ಸಂಬಂಧ? ಓಲಾಟವನ್ನು ತಗ್ಗಿಸುವುದು ಟ್ರೇಲರಿನ ಟೈರು. ಅದು ಅಡ್ಡ ಸರಿಯುವಾಗ ಸ್ವಲ್ಪ ಓರೆಯಾಗಿ ಉರುಳುತ್ತದೆ, ಆ ಓರೆಯಿಂದಲೇ ತಡೆಯುವ ಬಲ ಹುಟ್ಟುತ್ತದೆ. ಗಾಡಿ ಜೋರಾಗಿ ಓಡಿದಷ್ಟೂ ಅಷ್ಟೇ ಓಲಾಟಕ್ಕೆ ಈ ಓರೆ ಕಡಿಮೆ, ತಡೆಯೂ ಕಡಿಮೆ. ಹಾಗಾಗಿ ಎಳೆಯುವ ಗಾಡಿ, ಟ್ರೇಲರ್ ಸೇರಿದ ಪ್ರತಿ ಜೋಡಿಗೂ ಒಂದು ಮಿತಿ ವೇಗ ಇರುತ್ತದೆ. ಅದರೊಳಗೆ ಓಲಾಟ ತಾನಾಗಿ ಸಾಯುತ್ತದೆ, ದಾಟಿದರೆ ತಾನಾಗಿ ಬೆಳೆಯುತ್ತದೆ. ಹಿಂಭಾರವಾದರೆ ಈ ಮಿತಿಯೇ ಕೆಳಗಿಳಿಯುತ್ತದೆ. ನಿನ್ನೆ 70ರಲ್ಲಿ ನೆಟ್ಟಗೆ ಬಂದ ಗಾಡಿ ಇವತ್ತು ಅದೇ 70ರಲ್ಲಿ ಕುಣಿಯುವುದು ಇದಕ್ಕೇ. ಆಷಾಢದ ಗಾಳಿಯಲ್ಲಿ ಕೊಪ್ಪಳದ ಬಯಲಲ್ಲಿ ಮೊದಲ ತಳ್ಳು ಕೊಡಲು ಲಾರಿಯೂ ಬೇಕಿಲ್ಲ.

ಓಲಾಡಲು ಶುರುವಾದಾಗ ಸ್ಟೇರಿಂಗ್ ಎಡ ಬಲ ತಿರುಗಿಸಿ ಸರಿಪಡಿಸೋಣ ಅನಿಸುವುದು ಸಹಜ. ಆದರೆ ಒಂದು ಓಲಾಟ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ನಮ್ಮ ಕೈ ಅಷ್ಟು ಬೇಗ ಓಡುವುದಿಲ್ಲ, ತಡವಾಗಿ ತಿರುಗಿಸಿದ್ದು ಓಲಾಟಕ್ಕೇ ಬಲ ಕೊಡುತ್ತದೆ. ವೇಗ ಹೆಚ್ಚಿಸಿ ಎಳೆದು ನೆಟ್ಟಗೆ ಮಾಡುತ್ತೇನೆ ಅನ್ನುವುದಂತೂ ಬೇಡವೇ ಬೇಡ. ಸ್ಟೇರಿಂಗ್ ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಟ್ರೇಲರಿಗೇ ಬೇರೆ ಬ್ರೇಕ್ ಇದ್ದರೆ ಅದೊಂದನ್ನೇ ಹಾಕಿ, ಹಿಂದಕ್ಕೆ ಜಗ್ಗಿದಂತಾಗಿ ಗಾಡಿ ಸಾಲಿಗೆ ಬರುತ್ತದೆ.

ಬ್ರೇಕ್ ಇಲ್ಲದ ಟ್ರೇಲರ್ ಆದರೆ ನಿಲ್ಲುವ ದೂರವೂ ಬೆಳೆಯುತ್ತದೆ. ಒಣ ಡಾಂಬರಿನ ಮೇಲೆ 80ರ ವೇಗದಲ್ಲಿ 1800 ಕೆ.ಜಿ.ಯ ಜೀಪು ಒಂಟಿಯಾಗಿ 36 ಮೀಟರಿನಲ್ಲಿ ನಿಂತರೆ, ಹಿಂದೆ 1600 ಕೆ.ಜಿ. ಕಟ್ಟಿದಾಗ ಸುಮಾರು 60 ಮೀಟರ್ ಬೇಕು. ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಓಡಿದ 22 ಮೀಟರ್ ಬೇರೆ. ಮುಂದಿನ ಗಾಡಿಯಿಂದ ಬಿಡುವ ಅಂತರವನ್ನು ಈ ಲೆಕ್ಕದಲ್ಲೇ ಇಟ್ಟುಕೊಳ್ಳಿ.

ಹೊರಟ ಮೇಲೆ ಹತ್ತಿಪ್ಪತ್ತು ಕಿ.ಮೀ.ಗೆ ಒಮ್ಮೆ ಪಕ್ಕಕ್ಕೆ ನಿಲ್ಲಿಸಿ ಕಾರನ್ನು ಟ್ರೇಲರಿಗೆ ಬಿಗಿದ ಬೆಲ್ಟುಗಳನ್ನು ಮುಟ್ಟಿ ನೋಡಿ. ಕುಲುಕಾಟಕ್ಕೆ ಅವು ಸಡಿಲವಾಗಿರುತ್ತವೆ, ಕಾರು ಒಂದಿಷ್ಟು ಹಿಂದೆ ಸರಿದಿದ್ದರೂ ಆಗಲೇ ಗೊತ್ತಾಗುತ್ತದೆ.